ಉದ್ರಿ ಪುಸ್ತಕಕ್ಕೆ ಪ್ರೈಮರಿ ಕೀ ಯಾವುದು?

ಐದನೇ ಸೆಮಿಸ್ಟರ್‌ನ ಮಿನಿ ಪ್ರಾಜೆಕ್ಟಿಗೆ ವಿಷಯ ಹುಡುಕುವಾಗ ನಾವು ನಾಲ್ವರೂ ಒಂದೇ ಮಾತಿಗೆ ಒಪ್ಪಿದೆವು: ಹಳ್ಳಿಯ ಕಿರಾಣಿ ಅಂಗಡಿಗೆ ಒಂದು ಆ್ಯಪ್ ಮಾಡೋಣ. ಸಿನಾಪ್ಸಿಸ್‌ನಲ್ಲಿ ‘ಗ್ರಾಮೀಣ ವ್ಯಾಪಾರಿಗಳ ಡಿಜಿಟಲ್ ಸಬಲೀಕರಣ’ ಅಂತ ದೊಡ್ಡದಾಗಿ ಬರೆದೆವು. ಗೈಡ್ ಸಹಿಯನ್ನೂ ಹಾಕಿದರು. ಆಮೇಲೆ ಒಂದು ಶನಿವಾರ ನವನಗರದಿಂದ ಹುನಗುಂದ ಕಡೆ ಹೋಗುವ ಬಸ್ ಹತ್ತಿ, ನಮ್ಮಲ್ಲೊಬ್ಬನ ಸೋದರಮಾವನ ಊರಿಗೆ ಹೋದೆವು. ಅಲ್ಲಿನ ಅಂಗಡಿಯವರಿಗೆ ಯುಪಿಐ ಅಂದರೇನು, ಕ್ಯೂಆರ್ ಕೋಡ್ ಅಂದರೇನು ಅಂತ ತಿಳಿಸಿ ಹೇಳಲು ಪಿಪಿಟಿಯನ್ನೂ ಮಾಡಿಕೊಂಡಿದ್ದೆವು.

ಅಂಗಡಿಯ ಮುಂದೆ ನಿಂತಾಗಲೇ ನಾಚಿಕೆಯಾಯಿತು. ಕ್ಯೂಆರ್ ಆಗಲೇ ಇತ್ತು, ಒಂದಲ್ಲ, ಮೂರು ಕಂಪನಿಯವು. ಎಣ್ಣೆ ಡಬ್ಬಿಯ ಪಕ್ಕ ಸೌಂಡ್‌ಬಾಕ್ಸ್ ಕೂತು ‘ಇಪ್ಪತ್ತು ರೂಪಾಯಿ ಸ್ವೀಕರಿಸಲಾಗಿದೆ’ ಅಂತ ಶುದ್ಧ ಕನ್ನಡದಲ್ಲಿ ಕೂಗುತ್ತಿತ್ತು. ಪಿಪಿಟಿ ತೆಗೆಯಲೇ ಇಲ್ಲ. ‘ಮತ್ತ ನಿಮಗ ಏನು ತ್ರಾಸ ಐತ್ರೀ?’ ಅಂತ ಕೇಳಿದೆವು. ಅಂಗಡಿ ಕಾಕಾ ತಕ್ಕಡಿಯಿಂದ ತಲೆ ಎತ್ತದೆ ಹೇಳಿದರು: ‘ಬಂದ ರೊಕ್ಕಾ ಈ ಡಬ್ಬಿ ಕೂಗತೈತಿ. ಬರಬೇಕಾದ ರೊಕ್ಕಾ ಯಾರು ಕೂಗಬೇಕು?’

ಬರಬೇಕಾದ ರೊಕ್ಕ ಅಂದರೆ ಉದ್ರಿ. ದಕ್ಷಿಣದ ಗೆಳೆಯರಿಗೆ ‘ಸಾಲ’, ‘ಲೆಕ್ಕಕ್ಕೆ ಬರ್ಕೊಳ್ಳಿ’ ಅಂದರೆ ಬೇಗ ತಿಳಿದೀತು. ನಮ್ಮ ಕಡೆ ಹಳ್ಳಿಯ ಅಂಗಡಿ ನಡೆಯುವುದೇ ಇದರ ಮೇಲೆ. ಯಾಕೆಂದರೆ ಇಲ್ಲಿನ ಮನೆಗಳಿಗೆ ಹಣ ತಿಂಗಳ ಒಂದನೇ ತಾರೀಖಿಗೆ ಬರುವುದಿಲ್ಲ. ಕಬ್ಬಿನವರಿಗೆ ಫ್ಯಾಕ್ಟರಿ ಬಿಲ್ ಬಂದಾಗ, ಉಳ್ಳಾಗಡ್ಡಿಯವರಿಗೆ ಮಾಲು ಮಾರಿದಾಗ, ಕಮತಗಿ, ಸೂಳೇಭಾವಿ ಕಡೆಯ ನೇಕಾರರ ಮನೆಗೆ ಸೀರೆ ಕೊಟ್ಟು ಕೂಲಿ ಸಿಕ್ಕಾಗ, ದುಡಿಯಲು ಗೋವಾ, ಮಂಗಳೂರಿಗೆ ಹೋದವರ ಮನೆಗೆ ಅಲ್ಲಿಂದ ಕಳಿಸಿದಾಗ. ಆದರೆ ಸಕ್ಕರೆ, ಚಾಪುಡಿ, ಸಾಬೂನು ದಿನಾ ಬೇಕು. ಹಣ ಬರುವ ದಿನಕ್ಕೂ ಹೊಟ್ಟೆ ಹಸಿಯುವ ದಿನಕ್ಕೂ ನಡುವೆ ಇರುವ ಸೇತುವೆ ಅಂಗಡಿಯವನ ಪುಸ್ತಕ. ಬಡ್ಡಿ ಇಲ್ಲ, ಸಹಿ ಇಲ್ಲ, ಜಾಮೀನು ಇಲ್ಲ. ಇತ್ತೀಚೆಗೆ ಒಂದು ಹೊಸ ವಾಯಿದೆಯೂ ಸೇರಿಕೊಂಡಿದೆ. 2023ರ ಆಗಸ್ಟ್ 30ರಂದು ಗೃಹಲಕ್ಷ್ಮಿ ಯೋಜನೆ ಶುರುವಾದ ಮೇಲೆ ‘ಎರಡು ಸಾವಿರ ಬಂದ್ ಕೂಡ್ಲೇ ಕೊಡ್ತೀನಿ’ ಅನ್ನುವ ಮಾತನ್ನು ನಾವು ಆ ಒಂದು ಮಧ್ಯಾಹ್ನದಲ್ಲೇ ಎರಡು ಸಲ ಕೇಳಿದೆವು.

ಇದಕ್ಕೆ ಮೊದಲೇ ಆ್ಯಪ್‌ಗಳಿಲ್ಲವೇ? ಇವೆ. ಬೆಂಗಳೂರಿನ ಖಾತಾಬುಕ್, ಓಕೆಕ್ರೆಡಿಟ್‌ನಂಥ ಕಂಪನಿಗಳು ಉದ್ರಿ ಲೆಕ್ಕಕ್ಕೆಂದೇ ಹುಟ್ಟಿದವು. ಪೇಟೆಯಲ್ಲಿ ಬಹಳ ಜನ ಬಳಸುತ್ತಾರೆ. ನಾವು ಅವರಿಗಿಂತ ದೊಡ್ಡದೇನೋ ಮಾಡಿದೆವು ಅಂತ ಹೇಳಲು ಇದನ್ನು ಬರೆಯುತ್ತಿಲ್ಲ. ನಾವು ಮಾಡಿದ ತಪ್ಪುಗಳು ನಮ್ಮ ಸಿಲಬಸ್ಸಿನ ಒಂದೊಂದು ಅಧ್ಯಾಯಕ್ಕೆ ಸರಿಯಾಗಿ ಕೂತವು. ಅದನ್ನು ನಿಮಗೆ ಹೇಳಬೇಕು ಅನಿಸಿತು, ಅಷ್ಟೇ.

ಮೊದಲು ಆ ಸೌಂಡ್‌ಬಾಕ್ಸ್ ವಿಷಯ. ಯುಪಿಐ ಶುರುವಾದದ್ದು 2016ರ ಏಪ್ರಿಲ್‌ನಲ್ಲಿ. ಅದೇ ವರ್ಷ ನವೆಂಬರ್ 8ರ ನೋಟು ರದ್ದತಿ ಅದನ್ನು ಮುಂದೆ ತಳ್ಳಿತು. 2020ರ ಜನವರಿಯಿಂದ ವ್ಯಾಪಾರಿಗಳ ಮೇಲಿನ ಯುಪಿಐ ಶುಲ್ಕ ಸೊನ್ನೆಯಾಯಿತು. ಆದರೂ ಅಂಗಡಿಯಲ್ಲಿ ಒಂದು ಸಣ್ಣ ತೊಡಕು ಉಳಿದಿತ್ತು: ಹಣ ಬಂತೋ ಇಲ್ಲವೋ ಅಂತ ನೋಡಲು ಪ್ರತಿ ಸಲ ಫೋನ್ ತೆಗೆಯಬೇಕು. ಕೈಗೆ ಎಣ್ಣೆ, ಹಿಟ್ಟು, ಎದುರಿಗೆ ನಾಲ್ಕು ಜನ. ಹಳೇ ಸ್ಕ್ರೀನ್‌ಶಾಟ್ ತೋರಿಸಿ ‘ಹಾಕೀನಿ ನೋಡ್ರಿ’ ಅಂದು ಹೋಗುವವರು ಬೇರೆ. ಇದಕ್ಕೆ ಪರಿಹಾರ ಇನ್ನೂ ಚೆಂದದ ಸ್ಕ್ರೀನ್ ಆಗಿರಲಿಲ್ಲ. ಸ್ಕ್ರೀನೇ ಇಲ್ಲದ, ಒಂದು ಸಿಮ್ ಮತ್ತು ಸ್ಪೀಕರ್ ಇರುವ ಡಬ್ಬಿ. ಇಂಜಿನಿಯರಿಂಗ್ ದೃಷ್ಟಿಯಿಂದ ಕಳೆದ ಹತ್ತು ವರ್ಷದಲ್ಲಿ ಸಣ್ಣ ಅಂಗಡಿಗೆ ಬಂದ ಅತ್ಯಂತ ಜಾಣ ವಸ್ತು ಅದೇ ಅಂತ ನಮ್ಮ ಅಭಿಪ್ರಾಯ. ತಿಂಗಳ ಬಾಡಿಗೆ ಕಟ್ಟುವಾಗ ಕಾಕಾಗೆ ಹಾಗೆ ಅನಿಸುವುದಿಲ್ಲ, ಅದು ಬೇರೆ ಮಾತು.

ಯುಪಿಐ ಇನ್ನೊಂದು ಕೆಲಸವನ್ನೂ ಮಾಡಿದೆ. ಗೋವಾದಲ್ಲಿ ಗಾರೆ ಕೆಲಸಕ್ಕೆ ಹೋದ ಮಗ ಈಗ ಮನೆಗೆ ಹಣ ಕಳಿಸುವ ಬದಲು ನೇರ ಅಂಗಡಿಗೇ ಹಾಕುತ್ತಾನೆ, ‘ಅವ್ವಗ ಏನ್ ಬೇಕೋ ಕೊಡ್ರಿ’ ಅಂತ ಫೋನ್ ಮಾಡುತ್ತಾನೆ. ಕೆಲವೊಮ್ಮೆ ‘ಅವ್ವನ ಕೈಗೆ ಐನೂರು ನಗದು ಕೊಡ್ರಿ’ ಅಂತಲೂ. ಅಂದರೆ ಅಂಗಡಿಯೇ ಎಟಿಎಂ. ಕೀನ್ಯಾದಲ್ಲಿ 2007ರ ಮಾರ್ಚ್‌ನಲ್ಲಿ ಸಫಾರಿಕಾಮ್ ಕಂಪನಿ ಎಂ-ಪೆಸಾ ಶುರು ಮಾಡಿದಾಗ ಇದೇ ಸಂಗತಿಯನ್ನು ವ್ಯವಸ್ಥೆಯ ನಡುವಿಗೇ ಇಟ್ಟಿತು: ಹಳ್ಳಿಯ ಸಣ್ಣ ಅಂಗಡಿಯವನೇ ಏಜೆಂಟ್, ನಗದು ಕೊಟ್ಟರೆ ಅವನಿಗೆ ಕಮಿಷನ್, ಗಿರಾಕಿಗೆ ಸ್ಮಾರ್ಟ್‌ಫೋನೂ ಬೇಡ. ನಮ್ಮಲ್ಲಿ ಕಾಕಾ ಅದೇ ಕೆಲಸವನ್ನು ಪುಕ್ಕಟೆ ಮಾಡುತ್ತಾರೆ. ಈ ಐನೂರು ಮುಂದೆ ಇನ್ನೊಂದು ಕಡೆ ಬರುತ್ತದೆ, ನೆನಪಿಟ್ಟುಕೊಳ್ಳಿ.

ಕೀಪ್ಯಾಡ್ ಫೋನಿನವರ ಮಾತನ್ನೂ ಹೇಳಿಬಿಡಬೇಕು. *99# ಅನ್ನುವ ಯುಎಸ್‌ಎಸ್‌ಡಿ ಸೇವೆ ಇಂಟರ್ನೆಟ್ ಇಲ್ಲದೆ ಕೆಲಸ ಮಾಡುತ್ತದೆ. 2022ರ ಮಾರ್ಚ್‌ನಲ್ಲಿ ರಿಸರ್ವ್ ಬ್ಯಾಂಕ್ ಯುಪಿಐ 123ಪೇ ತಂದಿತು. ಕರೆ ಮಾಡಿ, ಧ್ವನಿ ಸೂಚನೆ ಕೇಳಿ ಹಣ ಕಳಿಸಬಹುದು. ವ್ಯವಸ್ಥೆ ಚೆನ್ನಾಗಿದೆ. ನಾವು ಕೂತ ಅಂಗಡಿಯಲ್ಲಿ ಬಳಸಿದವರನ್ನು ಮಾತ್ರ ನೋಡಲಿಲ್ಲ.

ಈಗ ನಮ್ಮ ಆ್ಯಪ್‌ಗೆ ಬರೋಣ. ಡಿಬಿಎಂಎಸ್ ಓದಿದವರು ಏನು ಮಾಡುತ್ತಾರೋ ನಾವೂ ಅದನ್ನೇ ಮಾಡಿದೆವು. ‘ಗಿರಾಕಿ’ ಅಂತ ಒಂದು ಟೇಬಲ್, ‘ವಹಿವಾಟು’ ಅಂತ ಇನ್ನೊಂದು. ಗಿರಾಕಿಗೆ ಪ್ರೈಮರಿ ಕೀ ಏನು? ಹೆಸರು ಇಬ್ಬರಿಗೆ ಇರಬಹುದು, ಮೊಬೈಲ್ ನಂಬರ್ ಒಬ್ಬರಿಗೆ ಒಂದೇ. ಸರಿ, ಮೊಬೈಲ್ ನಂಬರ್! ವೈವಾದಲ್ಲಿ ಇದೇ ಉತ್ತರ ಕೊಟ್ಟಿದ್ದರೆ ಬಹುಶಃ ಮಾರ್ಕ್ಸ್ ಬರುತ್ತಿತ್ತು.

ಕಾಕಾನ ಪುಸ್ತಕ ತೆರೆದು ನಾವೇ ಎಂಟ್ರಿ ಮಾಡಲು ಕೂತಾಗ ಮೊದಲ ಪುಟದಲ್ಲೇ ಸಿಕ್ಕಿಬಿದ್ದೆವು. ಅದರಲ್ಲಿ ಹೆಸರೇ ಕಡಿಮೆ. ‘ಗಿರಣಿ ಹಿಂದಿನ ಮನಿ ಅಜ್ಜಿ’, ‘ಟ್ರ್ಯಾಕ್ಟರ್’, ‘ಸಾಲಿ ಮಾಸ್ತರ್ ಹಳೇದು’, ‘ಸಾಲಿ ಮಾಸ್ತರ್ ಹೊಸಾದು’. ಅಜ್ಜಿಗೆ ಫೋನೇ ಇಲ್ಲ. ಟ್ರ್ಯಾಕ್ಟರ್‌ಗೆ ಮೂರು ಸಿಮ್, ಮೂರೂ ಆಗಾಗ ಬಂದ್. ಒಂದು ಮನೆಯಲ್ಲಿ ಅಣ್ಣತಮ್ಮಂದಿರು ಬೇರೆಯಾಗಿದ್ದಾರೆ, ಪುಸ್ತಕದಲ್ಲಿ ಎರಡು ಖಾತೆ, ಫೋನ್ ಮಾತ್ರ ಇಬ್ಬರಿಗೂ ಸೇರಿ ಒಂದೇ. ಇನ್ನೊಂದು ಮನೆಯಲ್ಲಿ ಅತ್ತೆಯ ಖಾತೆ ಬೇರೆ, ಸೊಸೆಯ ಖಾತೆ ಬೇರೆ. ಸೊಸೆಯದು ಅತ್ತೆಗೆ ಗೊತ್ತಿಲ್ಲ, ಗೊತ್ತಾಗಲೂಬಾರದು. ಯಾವ ಕಾಲಂ ಅನ್ನು ‘ಯೂನಿಕ್’ ಅಂತ ಗುರುತು ಮಾಡೋಣ? ಕೊನೆಗೆ ಒಪ್ಪಿಕೊಂಡದ್ದು ಇದು: ಖಾತೆ ಅಂದರೆ ವ್ಯಕ್ತಿಯಲ್ಲ, ಸಂಬಂಧ. ಅದಕ್ಕೆ ಅರ್ಥವಿಲ್ಲದ ಒಂದು ಸಂಖ್ಯೆಯನ್ನೇ ಕೀ ಆಗಿ ಕೊಡಬೇಕು. ಹೆಸರು, ಫೋನು, ಫೋಟೋ ಎಲ್ಲ ಐಚ್ಛಿಕ, ಬೇಕಾದಾಗ ಬದಲಿಸಬಹುದು. ಪುಸ್ತಕದಲ್ಲಿ ಕಾಕಾ ಮಾಡಿದ್ದೂ ಅದನ್ನೇ: ಪುಟದ ನಂಬರ್.

ಇದಕ್ಕಿಂತ ದೊಡ್ಡ ತಪ್ಪು ನಡೆದದ್ದು ಎರಡನೇ ವಾರ. ವಸೂಲಿಗೆ ಅನುಕೂಲವಾಗಲಿ ಅಂತ ಒಂದು ಫೀಚರ್ ಹಾಕಿದ್ದೆವು: ಮೂವತ್ತು ದಿನ ದಾಟಿದ ಬಾಕಿಗೆ ಕಾಕಾನ ಸಿಮ್‌ನಿಂದ ತಾನಾಗಿಯೇ ಎಸ್‌ಎಂಎಸ್ ಹೋಗುವುದು. ಕನ್ನಡದಲ್ಲೇ ಹೋಗಬೇಕು ಅಂತ ನಮ್ಮ ಹಟ. (ಇಲ್ಲೊಂದು ಪಾಠ ಪುಕ್ಕಟೆ: ಒಂದು ಎಸ್‌ಎಂಎಸ್‌ಗೆ 140 ಬೈಟ್ ಜಾಗ. ಇಂಗ್ಲಿಷ್ ಅಕ್ಷರಕ್ಕೆ 7 ಬಿಟ್, ಹೀಗಾಗಿ 160 ಅಕ್ಷರ. ಕನ್ನಡಕ್ಕೆ ಯೂನಿಕೋಡ್‌ನ 16 ಬಿಟ್, ಹೀಗಾಗಿ 70. ಅದರಲ್ಲೂ ನಾವು ಮೂರು ಅಕ್ಷರ ಅಂದುಕೊಳ್ಳುವ ‘ಸಕ್ಕರೆ’ ಕಂಪ್ಯೂಟರಿಗೆ ಆರು. ನಮ್ಮ ಸಂದೇಶ ಎರಡು ತುಂಡಾಗಿ, ಎರಡು ಎಸ್‌ಎಂಎಸ್ ಲೆಕ್ಕದಲ್ಲಿ ಹೋಗುತ್ತಿತ್ತು.) ಸಂದೇಶ ಹೋಯಿತು. ಒಂದು ಮನೆಯಲ್ಲಿ ಅದನ್ನು ಓದಿದ್ದು ಕಾಲೇಜಿಗೆ ಹೋಗುವ ಮಗಳು, ಬೀಗರು ಮನೆಗೆ ಬಂದಿದ್ದಾಗ, ಗಟ್ಟಿಯಾಗಿ. ಆ ಮನೆಯ ಯಜಮಾನ ಮರುದಿನ ಬೆಳಗ್ಗೆ ಬಂದು ಪೂರ್ತಿ ಬಾಕಿಯನ್ನು ಕಟ್ಟೆಯ ಮೇಲಿಟ್ಟು, ಒಂದು ಮಾತೂ ಆಡದೆ ಹೋದರಂತೆ. ಆಮೇಲೆ ಆ ಅಂಗಡಿಗೆ ಬರಲಿಲ್ಲ.

ನಮ್ಮ ಟೆಸ್ಟ್ ಕೇಸ್ ಪ್ರಕಾರ ಫೀಚರ್ ಪಾಸ್. ಸಂದೇಶ ತಲುಪಿದೆ, ಹಣ ವಸೂಲಾಗಿದೆ. ಕಾಕಾ ನಮ್ಮನ್ನು ಬೈಯಲಿಲ್ಲ. ‘ಹನ್ನೆರಡು ವರ್ಷದ ಗಿರಾಕಿ’ ಅಂದರು, ಅಷ್ಟೇ. ಬಸ್ಸಿನಲ್ಲಿ ವಾಪಸ್ ಬರುವಾಗ ನಮ್ಮಲ್ಲಿ ಯಾರೂ ಮಾತಾಡಲಿಲ್ಲ.

ಉದ್ರಿ ಕೇಳುವುದು ಒಂದು ಕಲೆ ಅಂತ ಆಮೇಲೆ ಕೂತು ನೋಡಿದಾಗ ತಿಳಿಯಿತು. ಕಾಕಾ ಯಾರಿಗೂ ‘ಬಾಕಿ ಕೊಡ್ರಿ’ ಅನ್ನುವುದಿಲ್ಲ. ‘ಉಳ್ಳಾಗಡ್ಡಿ ಕಿತ್ತಿರೇನು?’ ಅಂತಾರೆ. ‘ಈ ಸಲ ಫ್ಯಾಕ್ಟರಿ ಬಿಲ್ ಯಾವಾಗಂತ?’ ಅಂತಾರೆ. ಕೇಳಿಸಿಕೊಂಡವರಿಗೆ ಅರ್ಥವಾಗುತ್ತದೆ, ಪಕ್ಕದಲ್ಲಿ ನಿಂತವರಿಗೆ ಆಗುವುದಿಲ್ಲ. ಕೆಲವರಿಗೆ ಆರು ತಿಂಗಳು ಕೇಳುವುದೇ ಇಲ್ಲ, ಕೆಲವರಿಗೆ ಎಂಟನೇ ದಿನಕ್ಕೇ ಕೈ ಬಿಗಿ. ಈ ತಿಳಿವಳಿಕೆಯನ್ನು ‘ಮೂವತ್ತು ದಿನ’ ಅನ್ನುವ ಒಂದು ಸಾಲಿನ ಕೋಡಿಗೆ ಇಳಿಸಲು ಹೋಗಿದ್ದೆವು ನಾವು. ಈಗ ಆ ಫೀಚರ್ ತೆಗೆದಿದ್ದೇವೆ. ಅದರ ಬದಲು ಬೆಳಗ್ಗೆ ಅಂಗಡಿ ತೆರೆದಾಗ ಕಾಕಾಗೆ ಮಾತ್ರ ಒಂದು ಪಟ್ಟಿ ಕಾಣುತ್ತದೆ: ಯಾರ್ಯಾರದು ಹಳೆಯದಾಗಿದೆ, ಅವರು ಕೊಟ್ಟ ವಾಯಿದೆ ಏನು. ವಾಯಿದೆ ಅಂದರೆ ತಾರೀಖೇ ಆಗಬೇಕಿಲ್ಲ. ‘ಕಬ್ಬಿನ ಬಿಲ್’, ‘ಗೃಹಲಕ್ಷ್ಮಿ’, ‘ಮಗ ಬಂದಾಗ’ ಅಂತಲೂ ಇರಬಹುದು. ಕೇಳುವುದು ಬಿಡುವುದು ಅವರ ಕೆಲಸ. ಹೋದ ಗಿರಾಕಿ ಮಾತ್ರ ಇನ್ನೂ ವಾಪಸ್ ಬಂದಿಲ್ಲ.

ಇನ್ನು ನೆಟ್‌ವರ್ಕ್. ನವನಗರದಲ್ಲಿ ಕೂತು ಕೋಡ್ ಬರೆಯುವಾಗ ಸರ್ವರ್ ಯಾವಾಗಲೂ ಇರುತ್ತದೆ ಅನಿಸುತ್ತದೆ. ಆ ಅಂಗಡಿಯೊಳಗೆ, ಕಲ್ಲಿನ ಗೋಡೆ ಮತ್ತು ತಗಡಿನ ಕೆಳಗೆ, ಸಿಗ್ನಲ್ ಬಾಗಿಲ ಹತ್ತಿರ ಮಾತ್ರ. ಕಾಕಾ ‘ಸೇವ್’ ಒತ್ತುತ್ತಾರೆ, ಗಾಲಿ ತಿರುಗುತ್ತದೆ, ಇನ್ನೊಮ್ಮೆ ಒತ್ತುತ್ತಾರೆ. ಸಂಜೆ ನೋಡಿದರೆ ಒಂದು ಕಿಲೋ ಬೆಲ್ಲ ಎರಡು ಸಲ ಬಿದ್ದಿದೆ. ಅದು ಯಾರ ಖಾತೆಗೋ ಅವರು ಬಂದು ಜಗಳಾಡಿದರೆ ಮಾನ ಹೋಗುವುದು ಕಾಕಾಂದು, ನಮ್ಮದಲ್ಲ. ಇದಕ್ಕೆ ನಾವು ಮಾಡಿದ್ದು ಪಠ್ಯದಲ್ಲಿರುವುದೇ. ಮೊದಲು ಎಲ್ಲವೂ ಫೋನಿನ ಒಳಗಿನ ಎಸ್‌ಕ್ಯೂಲೈಟ್‌ನಲ್ಲಿ ಬರೆದು ಮುಗಿಯಬೇಕು. ಸರ್ವರ್‌ಗೆ ಕಳಿಸುವುದು ಸಿಗ್ನಲ್ ಸಿಕ್ಕಾಗ, ಹಿಂದಿನಿಂದ. ಪ್ರತಿ ನಮೂದಿಗೆ ಹುಟ್ಟುವಾಗಲೇ ಒಂದು ಗುರುತಿನ ಸಂಖ್ಯೆ. ಒಂದೇ ಗುರುತು ಹತ್ತು ಸಲ ಬಂದರೂ ಸರ್ವರ್ ಒಂದೇ ಸಲ ಬರೆದುಕೊಳ್ಳಬೇಕು. ಇದಕ್ಕೆ ಐಡೆಂಪೊಟೆನ್ಸಿ ಅಂತ ಹೆಸರು; ಪರೀಕ್ಷೆಗೆ ಬಾಯಿಪಾಠ ಮಾಡುವಾಗ ಅದರ ಹಿಂದೆ ಒಂದು ಕಿಲೋ ಬೆಲ್ಲ ಇದೆ ಅಂತ ಗೊತ್ತಿರಲಿಲ್ಲ.

ಅಳಿಸುವ ಬಟನ್ನನ್ನೂ ತೆಗೆದೆವು. ಕಾಗದದ ಪುಸ್ತಕದಲ್ಲಿ ಕಾಕಾ ತಪ್ಪನ್ನು ಅಳಿಸುವುದಿಲ್ಲ, ಮೇಲೆ ಒಂದು ಗೆರೆ ಎಳೆದು ಕೆಳಗೆ ಸರಿ ಬರೆಯುತ್ತಾರೆ. ಗೆರೆಯ ಕೆಳಗೆ ಹಳೇ ಅಂಕಿ ಕಾಣುತ್ತಲೇ ಇರುತ್ತದೆ, ಅದಕ್ಕೇ ಜನ ನಂಬುತ್ತಾರೆ. ನಮ್ಮ ಡೇಟಾಬೇಸೂ ಈಗ ಹಾಗೆಯೇ: ತಪ್ಪಾದರೆ ಅದಕ್ಕೆ ಎದುರಾಗಿ ಇನ್ನೊಂದು ನಮೂದು. ಹಣವನ್ನು ದಶಮಾಂಶದಲ್ಲಿ ಇಡುವುದನ್ನೂ ಬಿಟ್ಟೆವು. ಯಾವುದೇ ಸಾಮಾನ್ಯ ಭಾಷೆಯಲ್ಲಿ ಫ್ಲೋಟ್ ಬಳಸಿ 0.1ಕ್ಕೆ 0.2 ಕೂಡಿಸಿ ನೋಡಿ, 0.30000000000000004 ಬರುತ್ತದೆ. ಪೈಸೆಯ ಲೆಕ್ಕದಲ್ಲಿ ಪೂರ್ಣಾಂಕ ಇಟ್ಟುಕೊಂಡರೆ ಈ ತಲೆನೋವಿಲ್ಲ. ಹನ್ನೊಂದು ರೂಪಾಯಿ ಎಪ್ಪತ್ತೈದು ಪೈಸೆಯನ್ನು ಹನ್ನೆರಡು ಮಾಡುವುದೋ ಹನ್ನೊಂದು ಮಾಡುವುದೋ ಅನ್ನುವುದನ್ನು ಮಾತ್ರ ಕಾಕಾಗೇ ಬಿಟ್ಟಿದ್ದೇವೆ. ಅದು ಗಿರಾಕಿಯ ಮೇಲೆ ಹೋಗುತ್ತದೆ.

ಟೈಪ್ ಮಾಡುವ ಕಷ್ಟಕ್ಕೆ ಧ್ವನಿ ಹಾಕೋಣ ಅಂತ ಹೊರಟೆವು. ಐಐಟಿ ಮದ್ರಾಸಿನ ಎಐ4ಭಾರತ್ ತಂಡ ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಿಗೆ ಮುಕ್ತ ಮಾದರಿಗಳನ್ನು ಮಾಡಿಟ್ಟಿದೆ, ಹಾಗಾಗಿ ಶುರು ಮಾಡಲು ತೊಂದರೆಯಾಗಲಿಲ್ಲ. ನಾವು ಮಾತಾಡಿದ್ದನ್ನು ಸುಮಾರಾಗಿ ಬರೆದುಕೊಂಡಿತು. ಕಾಕಾ ಬಾಯಿ ತೆರೆದಾಗ ಕಥೆ ಬೇರೆ. ‘ಪಾವ್ ಕಿಲೋ ಚಾಪುಡಿ, ದೀಡ ಕಿಲೋ ಸಕ್ರಿ, ಒಟ್ಟು ಅಡೀಚ ನೂರು.’ ದೀಡ ಅಂದರೆ ಒಂದೂವರೆ, ಅಡೀಚ ಅಂದರೆ ಎರಡೂವರೆ. ಮರಾಠಿಯಿಂದ ಬಂದು ನಮ್ಮಲ್ಲಿ ಊರಿಕೊಂಡ ಮಾತು. ನಾವು ಪ್ರಯತ್ನಿಸಿದಷ್ಟರಲ್ಲಿ ಯಂತ್ರಕ್ಕೆ ಇದು ಸಿಗಲಿಲ್ಲ. ‘ನೂರು’ ಮಾತ್ರ ಹಿಡಿದುಕೊಂಡು ಉಳಿದದ್ದನ್ನು ನುಂಗಿತು. ಲೆಕ್ಕದಲ್ಲಿ ಇನ್ನೂರೈವತ್ತು ನೂರಾದರೆ ಅದು ಉಚ್ಚಾರದ ತಪ್ಪಲ್ಲ, ನೂರೈವತ್ತು ರೂಪಾಯಿ ನಷ್ಟ. ಹಾಗಾಗಿ ಸದ್ಯಕ್ಕೆ ಧ್ವನಿಯನ್ನು ಟೈಪ್ ಆಗಿ ಬದಲಿಸುತ್ತಿಲ್ಲ, ರೆಕಾರ್ಡ್ ಮಾಡಿ ನಮೂದಿಗೆ ಅಂಟಿಸುತ್ತೇವೆ. ಅಂಕಿಯೊಂದನ್ನೇ ಕಾಕಾ ಒತ್ತುತ್ತಾರೆ. ಏನು ಕೊಟ್ಟೆ ಅನ್ನುವುದು ಅವರದೇ ದನಿಯಲ್ಲಿ ಉಳಿಯುತ್ತದೆ.

ಈ ಪ್ರಾಜೆಕ್ಟಿನಲ್ಲಿ ನಮ್ಮನ್ನು ಬಹಳ ಕಾಡಿದ ಪ್ರಶ್ನೆ ಮಾತ್ರ ಕೋಡಿನದಲ್ಲ. 2025ರ ಜುಲೈ ನಿಮಗೆ ನೆನಪಿರಬೇಕು. ಯುಪಿಐಯಲ್ಲಿ ಬಂದ ಮೊತ್ತ ನೋಡಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಿತು. ಬೆಂಗಳೂರಿನ ಅಂಗಡಿಗಳಲ್ಲಿ ಕ್ಯೂಆರ್ ಮೇಲೆ ‘ಯುಪಿಐ ಇಲ್ಲ, ನಗದು ಮಾತ್ರ’ ಅನ್ನುವ ಚೀಟಿ ಬಂದವು. ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ವ್ಯಾಪಾರಿಗಳ ಜತೆ ಸಭೆ ನಡೆಸಿ ಹಳೇ ಬಾಕಿ ವಸೂಲಿ ಮಾಡುವುದಿಲ್ಲ, ಆದರೆ ನೋಂದಣಿ ಮಾಡಿಸಿಕೊಳ್ಳಿ ಅಂದಮೇಲೆ ಗಲಾಟೆ ತಣ್ಣಗಾಯಿತು. ನಿಯಮ ಹೊಸದೇನಲ್ಲ: ಸರಕು ಮಾರುವವರ ವಾರ್ಷಿಕ ವಹಿವಾಟು 40 ಲಕ್ಷ ದಾಟಿದರೆ, ಸೇವೆಯಾದರೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. 40 ಲಕ್ಷ ಅಂದರೆ ದಿನಕ್ಕೆ ಸುಮಾರು 11,000 ರೂಪಾಯಿ. ತಾಜಾ ತರಕಾರಿ, ಹಾಲಿನಂಥವಕ್ಕೆ ತೆರಿಗೆಯೇ ಇಲ್ಲ. ಆದರೆ ಬ್ಯಾಂಕಿನ ಸಾಲಿಗೆ ಅದ್ಯಾವುದೂ ಗೊತ್ತಿಲ್ಲ. ಮೇಲೆ ಹೇಳಿದ ಆ ಐನೂರು ಇಲ್ಲಿ ಬರುತ್ತದೆ. ಗೋವಾದಿಂದ ಮಗ ಹಾಕಿದ ಹಣ, ಅವ್ವನ ಕೈಗೆ ನಗದಾಗಿ ಹೋದ ಹಣ, ಬೀಗರು ಕೊಟ್ಟ ಕೈಗಡ, ಹೋದ ವರ್ಷದ ಉದ್ರಿ ಈ ವರ್ಷ ಬಂದದ್ದು, ಎಲ್ಲವೂ ಅಲ್ಲಿ ಒಂದೇ ಥರದ ‘ಜಮಾ’. ಮಾರಾಟ ಎಷ್ಟು ಅನ್ನುವುದನ್ನು ವರ್ಷದ ಮೇಲೆ ಕಾಕಾ ಹೇಗೆ ಬಿಡಿಸಿ ಹೇಳಬೇಕು?

ಹೀಗಾಗಿ ಹಣ ಬಂದ ದಿನವೇ ಅದು ಯಾವುದರದು ಅಂತ ಒಂದು ಗುರುತು ಒತ್ತುವ ವ್ಯವಸ್ಥೆ ಮಾಡಿದೆವು: ಮಾರಾಟ, ಉದ್ರಿ ವಸೂಲಿ, ಕೈಗಡ, ನಗದು ಬದಲಿ. ನಾಲ್ಕೇ ಗುರುತು, ನಾಲ್ಕು ಬಣ್ಣ. ಇದು ತೆರಿಗೆ ತಪ್ಪಿಸಲು ಅಲ್ಲ, ಕಟ್ಟಬೇಕಾದದ್ದು ಎಷ್ಟು ಅಂತ ಹೇಳಲು ಕೈಯಲ್ಲಿ ಒಂದು ಕಾಗದ ಇರಲಿ ಅಂತ. ಕಾಕಾ ಇದನ್ನು ಒಪ್ಪಿದರು, ಆದರೆ ಒಂದು ಪ್ರಶ್ನೆ ಕೇಳಿ: ‘ಇದು ನನ್ನ ಫೋನ್‌ದಾಗ ಇರತೈತೋ, ನಿಮ್ಮ ಹತ್ರ ಹೋಗತೈತೋ?’

ಸರ್ವರ್ ನಮ್ಮದು. ಅಂದರೆ ಅತ್ತೆಗೆ ಗೊತ್ತಿಲ್ಲದ ಸೊಸೆಯ ಖಾತೆ ನಮ್ಮ ಹಾಸ್ಟೆಲ್ ಲ್ಯಾಪ್‌ಟಾಪಿನಲ್ಲಿ ಕಾಣುತ್ತಿತ್ತು. ಊರಲ್ಲಿ ಯಾರು ಯಾರಿಗೆ ಎಷ್ಟು ಕೊಡಬೇಕು ಅನ್ನುವುದನ್ನು ಇಷ್ಟು ದಿನ ಒಬ್ಬರೇ ಬಲ್ಲವರಾಗಿದ್ದರು, ಈಗ ಐವರು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯನ್ನು ನಾವು ಸೆಮಿನಾರಿಗೆ ಓದಿದ್ದೆವು. ನಮ್ಮದೇ ಟೇಬಲ್ಲುಗಳಿಗೆ ಅದು ಅನ್ವಯಿಸಬಹುದು ಅಂತ ಹೊಳೆದಿರಲಿಲ್ಲ. ಈಗ ಸರ್ವರ್‌ಗೆ ಹೋಗುವುದು ಬೀಗ ಹಾಕಿದ ಬ್ಯಾಕಪ್ ಮಾತ್ರ, ಕೀಲಿ ಕಾಕಾನ ಫೋನಿನಲ್ಲಿ. ಅದರ ಪ್ರತಿಯನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟಿದ್ದೇವೆ. ಫೋನು, ಚೀಟಿ ಎರಡೂ ಕಳೆದರೆ ನಾವೂ ಏನೂ ಮಾಡಲಾರೆವು ಅಂತ ಮೊದಲೇ ಹೇಳಿದೆವು. ‘ಅದಕ್ಕ ಪುಸ್ತಕ ಐತಲ್ಲ’ ಅಂದರು.

ಪುಸ್ತಕ ಅಂದಾಗ ಇನ್ನೊಂದು ಹೇಳಬೇಕು. ನವನಗರದಲ್ಲೇ, ನಮ್ಮ ರೂಮಿನ ಹತ್ತಿರದ ಸೆಕ್ಟರಿನಲ್ಲಿ, ಒಬ್ಬ ಅಜ್ಜನ ಅಂಗಡಿ ಇದೆ. ಆಲಮಟ್ಟಿ ಹಿನ್ನೀರಿಗೆ ಹಳೇ ಬಾಗಲಕೋಟೆಯ ತಗ್ಗಿನ ಓಣಿಗಳು ಮುಳುಗಡೆಯಾದಾಗ ಅಲ್ಲಿಂದ ಎದ್ದು ಬಂದವರು. ಓಣಿಯ ಗಿರಾಕಿಗಳು ಒಬ್ಬೊಬ್ಬರು ಒಂದೊಂದು ಸೆಕ್ಟರಿಗೆ ಹೋದರು, ಕೆಲವರು ಊರೇ ಬಿಟ್ಟರು. ನಮ್ಮ ಪ್ರಾಜೆಕ್ಟಿನ ಸುದ್ದಿ ಕೇಳಿ ಒಳಗಿಂದ ಕೆಂಪು ಬಟ್ಟೆಯ ರಟ್ಟಿನ ಒಂದು ಉದ್ರಿ ಪುಸ್ತಕ ತಂದು ತೋರಿಸಿದರು. ಹಳೇ ಊರಿನದು. ಬಹಳ ಪುಟಗಳ ಮೇಲೆ ಅಡ್ಡ ಗೆರೆ ಬಿದ್ದಿದೆ: ಹುಡುಕಿಕೊಂಡು ಬಂದು ಕೊಟ್ಟು ಹೋದವರು. ಕೆಲವದರ ಮೇಲೆ ಇಲ್ಲ. ‘ಇವನ್ನೂ ಕಂಪ್ಯೂಟರ್‌ಗೆ ಹಾಕೋಣೇನು ಅಜ್ಜಾ?’ ಅಂತ ನಮ್ಮಲ್ಲೊಬ್ಬಳು ಕೇಳಿದಳು. ‘ಬ್ಯಾಡವಾ’ ಅಂದರು. ‘ಅವು ಬರೂ ರೊಕ್ಕಾ ಅಲ್ಲ. ಮಂದಿ ಹೆಸರ ಅದಾವಂತ ಇಟ್ಟೀನಿ.’

ನಮ್ಮ ಟೇಬಲ್ಲಿನಲ್ಲಿ ‘ಬಾಕಿ’ ಅನ್ನುವ ಕಾಲಂಗೆ ಎರಡೇ ಸ್ಥಿತಿ ಇದ್ದವು, ತೀರಿದೆ ಮತ್ತು ತೀರಿಲ್ಲ. ಅಂದು ರಾತ್ರಿ ಮೂರನೆಯದೊಂದನ್ನು ಸೇರಿಸಿದೆವು: ‘ಬಿಟ್ಟದ್ದು’. ಅದನ್ನು ಒತ್ತಿದರೆ ಬೆಳಗಿನ ಪಟ್ಟಿಯಲ್ಲಿ ಆ ಹೆಸರು ಬರುವುದಿಲ್ಲ, ಖಾತೆ ಮಾತ್ರ ಉಳಿಯುತ್ತದೆ.

ಕೋಡ್ ಇನ್ನೂ ಹಸಿ ಇದೆ. ದೀಡ, ಅಡೀಚ, ಸವ್ವಾ, ಪಾವ್‌ಗಳನ್ನು ಯಂತ್ರಕ್ಕೆ ಕಲಿಸಲು ನಮ್ಮ ಕಡೆಯ ದನಿಗಳ ರೆಕಾರ್ಡಿಂಗ್ ಬೇಕು, ಬೇರೆ ಬೇರೆ ವಯಸ್ಸಿನವರದು, ಅವರ ಒಪ್ಪಿಗೆ ಪಡೆದು. ಬಾದಾಮಿ, ಇಳಕಲ್, ಗುಳೇದಗುಡ್ಡ ಕಡೆಯಿಂದ ಕಾಲೇಜಿಗೆ ಬರುವವರು, ಮನೆಯಲ್ಲಿ ಅಂಗಡಿ ಇದ್ದವರು, ಕ್ಲಬ್ಬಿನ ರೂಮಿಗೆ ಶನಿವಾರ ಮಧ್ಯಾಹ್ನ ಬನ್ನಿ. ಪಿಪಿಟಿ ಇರುವುದಿಲ್ಲ.